ಚಿತ್ತಣ್ಣನ ಹಳೇ ಕ್ಯಾಮೆರಾಗೆ ಏನಾಗಿತ್ತು?

ಈಚೆಗೆ ಒಂದು ಭಾನುವಾರ ಹುಲಿಕುಂಟೆಯ ಹತ್ತಿರ ಒಂದು ಮೇಕೆ ನನ್ನನ್ನು ನೋಡಿತು. ನನ್ನ ಹೊಸ ಕ್ಯಾಮೆರಾ ಆ ಮೇಕೆಯನ್ನು ನೋಡಿತು. ನಾನು ಏನೂ ಮಾಡುವ ಮೊದಲೇ ಮೇಕೆಯ ಕಣ್ಣಿನ ಮೇಲೆ ಪುಟ್ಟ ಹಸಿರು ಚೌಕವೊಂದು ಬಂದು ಕೂತಿತು. ಮೇಕೆ ತಲೆ ತಿರುಗಿಸಿತು, ಚೌಕವೂ ತಿರುಗಿತು. ಮೇಕೆ ಜಾಲಿ ಗಿಡಕ್ಕೆ ಬಾಯಿ ಹಾಕಿತು, ಚೌಕವೂ ಬೆನ್ನು ಬಿಡದೆ ಹೋಯಿತು. ಬಟನ್ ಒತ್ತಿದೆ. ಸದ್ದೇ ಇಲ್ಲ. ಫೋಟೋದಲ್ಲಿ ಮೇಕೆಯ ರೆಪ್ಪೆಗೂದಲು ಒಂದೊಂದೂ ಎದ್ದು ಕಾಣುತ್ತಿತ್ತು.

(ಮೇಕೆಗೆ ರೆಪ್ಪೆಗೂದಲು ಇರುತ್ತದೆ ಎಂಬುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.)

ಪಕ್ಕದಲ್ಲಿ ನಿಂತಿದ್ದ ಗೆಳೆಯ ಚಿತ್ತಣ್ಣ ಅದೇ ಮೇಕೆಗೆ ತನ್ನ ಹಳೇ ಕ್ಯಾಮೆರಾ ಹಿಡಿದಿದ್ದ. ಅದು ‘ಟಪ್’ ಎಂದಿತು. ಮೇಕೆ ಬೆಚ್ಚಿ ಓಡಿತು. ಅವನ ಫೋಟೋದಲ್ಲಿ ಹಿಂದಿನ ಮುಳ್ಳಿನ ಬೇಲಿ ಚೆನ್ನಾಗಿ ಬಂದಿತ್ತು. ಮೇಕೆ ಮಾತ್ರ ಮಂಜಿನಲ್ಲಿ ನಿಂತಂತೆ ಮಸುಕು.

"ನೋಡ್ದ್ಯಾ? ನಾನ್ ಹೇಳ್ಲಿಲ್ವಾ? ಇದ್ರ ಕತೆ ಮುಗೀತು ಕಣ್ಲಾ," ಎಂದ ಚಿತ್ತಣ್ಣ.

ಮುಗಿದಿತ್ತೇ? ಅದನ್ನೇ ಈ ವಾರ ನಿಮಗೆ ಹೇಳಬೇಕಾಗಿರುವುದು.

ಮೊದಲು ಈ ಎರಡು ಕ್ಯಾಮೆರಾಗಳ ವಿಷಯ. ಕೆಲವು ತಿಂಗಳ ಹಿಂದೆ ನಾನೊಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಆ ಕಂಪನಿಯವರು ಮಾಡುವುದರಲ್ಲೆಲ್ಲ ಚಿಕ್ಕದು, ಹೊಸಬರಿಗೆಂದೇ ಮಾಡಿದ್ದು. ಮಧುಗಿರಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಿಗೆ ಅದಕ್ಕಿಂತ ದೊಡ್ಡದು ಯಾಕೆ? ಬೆಳಗ್ಗೆ ವಾಕಿಂಗ್ ಹೋದಾಗ ಬೆಟ್ಟದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕತೊಡಗಿದೆ. ಅಷ್ಟಕ್ಕೇ ನಾನು ‘ಕ್ಯಾಮೆರಾ ಗೊತ್ತಿರೋ ಮೇಷ್ಟ್ರು’ ಆಗಿಬಿಟ್ಟೆ.

ಕೊರಟಗೆರೆಯಿಂದ ಈ ಅಂಕಣದ ಓದುಗರೊಬ್ಬರು ಫೋನ್ ಮಾಡಿದರು. "ಸಾರ್, ಮಗಳಿಗೆ ಫೋಟೋ ಹುಚ್ಚು. ಹಳೇ ಡಿಎಸ್ಎಲ್ಆರ್ ಒಂದು ಕಡಿಮೆಗೆ ಸಿಗ್ತೈತೆ. ಅಂಗಡಿಯೋನು ಹೊಸ ಮಿರರ್‌ಲೆಸ್ಸೇ ತಗೊಳ್ಳಿ ಅಂತಾನೆ. ಯಾವ್ದು ಒಳ್ಳೇದು ಹೇಳಿ, ಅದನ್ನೇ ತಗೊಂತೀನಿ."

ನಾನೇನು ಹೇಳಲಿ? ಡಿಎಸ್ಎಲ್ಆರ್ ಒಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕು ಆ ಕನ್ನಡಿಗೆ ತಾಗಿ ನಿಮ್ಮ ಕಣ್ಣಿಗೆ ಬರುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಆ ಸದ್ದೇ ‘ಟಪ್’. ಮಿರರ್‌ಲೆಸ್‌ನಲ್ಲಿ ಕನ್ನಡಿಯಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಒಂದು ಪುಟಾಣಿ ಟಿವಿ ಇರುತ್ತದೆ. ಫೋಟೋ ಹೇಗೆ ಬರುತ್ತದೋ ಹಾಗೇ ಮೊದಲೇ ಕಾಣುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ. "ಒಬ್ಬ ಎಕ್ಸ್‌ಪರ್ಟ್‌ನ ಕೇಳಿ ಹೇಳ್ತೀನಿ," ಎಂದು ಫೋನಿಟ್ಟೆ.

ಆ ಎಕ್ಸ್‌ಪರ್ಟೇ ಚಿತ್ತಣ್ಣ.

ಹುಲಿಕುಂಟೆ ಕಡೆಯ ಕುರಿ ಕಾಯುವ ಮನೆಯಿಂದ ಬಂದವನು. ಸಿರಾದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಓದುತ್ತಾ ಹೋದೆ, ಅವನು ಸ್ಟುಡಿಯೋ ಒಂದರಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಸಿರಾ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ತನ್ನದೇ ಸ್ಟುಡಿಯೋ ಇಟ್ಟ. ರೀಲಿನ ಕಾಲ ನೋಡಿದವನು. ಸುತ್ತಮುತ್ತ ಅವನು ಫೋಟೋ ತೆಗೆಯದ ಮದುವೆ ಕಡಿಮೆ. ತೆಗೆಯುವುದು ಅವನು. ಕಂಪ್ಯೂಟರಿನಲ್ಲಿ ಕೂತು ಆಲ್ಬಂ ಮಾಡುವುದು ಅವನ ಹೆಂಡತಿ ಲಕ್ಷ್ಮಕ್ಕ.

ಅವನ ಡಿಎಸ್ಎಲ್ಆರ್ ಕೂಡ ಆ ಕಾಲಕ್ಕೆ ಹೊಸಬರಿಗೆಂದು ಬಂದ ಚಿಕ್ಕ ಕ್ಯಾಮೆರಾವೇ. ರಬ್ಬರೆಲ್ಲ ಸವೆದು ಬೆಳ್ಳಗಾಗಿದೆ. ಅದಕ್ಕೆ ಅವನು ಸಿಕ್ಕಿಸಿರುವುದು ರೀಲಿನ ಕಾಲದ ಒಂದು ಲೆನ್ಸ್. ಆ ಹಳೇ ಲೆನ್ಸು ಈ ಕ್ಯಾಮೆರಾದಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ. ಕಿಂಡಿಯಲ್ಲಿ ನೋಡುತ್ತಾ ಕೈಯಲ್ಲೇ ತಿರುಗಿಸಬೇಕು. ಚಿತ್ತಣ್ಣನಿಗೆ ಅದೇ ಇಷ್ಟ. "ಮುಖದ ಫೋಟೋಕ್ಕೆ ಇದನ್ನ ಬುಟ್ರೆ ಇನ್ನೊಂದಿಲ್ಲ" ಅನ್ನುತ್ತಿದ್ದ.

ಅವನ ಸ್ಟುಡಿಯೋಗೆ ಹೋಗಿ ನನ್ನ ಹೊಸ ಕ್ಯಾಮೆರಾ ತೋರಿಸಿದಾಗ ಅಂಗೈ ಮೇಲಿಟ್ಟು ತೂಗಿದ.

"ಏನ್ಲಾ ಮೇಷ್ಟ್ರೇ, ಸೋಪಿನ ಡಬ್ಬಿ ಇದ್ದಂಗೈತೆ! ಇದ್ನ ಹಿಡ್ಕೊಂಡು ಮದ್ವೆಗೋದ್ರೆ ಪಾರ್ಟಿಯೋರು ಫೋಟೋಗ್ರಾಫರ್ ಇನ್ನೂ ಬಂದಿಲ್ಲ ಅನ್ಕೊಂತಾರೆ."

ಆಮೇಲೆ ಕಿಂಡಿಗೆ ಕಣ್ಣಿಟ್ಟ. ಅಂಗಡಿ ಬಾಗಿಲಿಗೆ ಬಂದು ಗಲ್ಲಿಯ ಕಡೆ ತಿರುಗಿಸಿದ. ಎದುರಿನ ಬಳೆ ಅಂಗಡಿ ನೋಡಿದ. ಬಸ್ ಸ್ಟ್ಯಾಂಡ್ ಕಡೆ ನೋಡಿದ. ಕ್ಯಾಮೆರಾ ಇಳಿಸಲೇ ಇಲ್ಲ.

"ಎಷ್ಟು ಬೆಳಕೈತ್ಲಾ ಇದ್ರೊಳಗೆ," ಎಂದ.

ಅವನು ಹೇಳಿದ್ದು ಹೊಗಳಿಕೆ ಎಂದುಕೊಂಡೆ. ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿರಲಿಲ್ಲವೇ?

ಟೀ ತರಿಸಿದ. ಲಕ್ಷ್ಮಕ್ಕ ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದ. ಅವನ ಕ್ಯಾಮೆರಾ ಈಚೆಗೆ ಸರಿಯಾಗಿ ಕೆಲಸ ಮಾಡುತ್ತಿಲ್ಲವಂತೆ. ಫೋಟೋಗಳೆಲ್ಲ ಮಸುಕು. ಗೌಡಗೆರೆಯ ಒಂದು ಮದುವೆಯಲ್ಲಿ ಹುಡುಗಿಯ ಮುಖ ಬಿಟ್ಟು ಹಿಂದಿನ ಹೂವಿನ ಅಲಂಕಾರ ಚೆನ್ನಾಗಿ ಬಂದಿತ್ತು. ಆ ಮನೆಯವರು ಆಲ್ಬಂ ತಿರುವಿ ಹಾಕಿ, ಮಾತೇ ಆಡದೆ ಎದ್ದು ಹೋದರಂತೆ.

"ಬೈದಿದ್ರೆ ಬೇಜಾರಾಗ್ತಿರ್ಲಿಲ್ಲ ಕಣ್ಲಾ. ಸುಮ್ನೆ ಎದ್ದೋದ್ರು ನೋಡು, ಅದು."

"ರಿಪೇರಿಗೆ ತೋರಿಸಿದ್ಯಾ?"

"ತೋರ್ಸ್ದೆ. ತುಮ್ಕೂರಲ್ಲಿ ಕ್ಲೀನ್ ಮಾಡಿ, ಏನೂ ಆಗಿಲ್ಲ ಅಂದ. ಅವನಿಗೇನ್ ಗೊತ್ತು? ವಯಸ್ಸಾಗೈತೆ ಇದಕ್ಕೆ. ಮುಂದಿನ ತಿಂಗ್ಳು ಪಾವಗಡದ ಕಡೆ ಒಂದು ದೊಡ್ಡ ಮದ್ವೆ ಐತೆ. ಅದ್ರಲ್ಲೂ ಹಿಂಗಾದ್ರೆ ಅಂಗಡಿ ಬಾಗ್ಲು ಹಾಕ್ಬೇಕಾಯ್ತದೆ."

ಅದಕ್ಕೇ ನಾವು ಆ ಭಾನುವಾರ ಹುಲಿಕುಂಟೆಗೆ ಹೊರಟದ್ದು. ಅವನ ಅಣ್ಣ ಈರಣ್ಣನ ಕುರಿಹಟ್ಟಿ ಅಲ್ಲಿದೆ. ಒಂದೇ ಜಾಗ, ಒಂದೇ ಬಿಸಿಲು, ಎರಡು ಕ್ಯಾಮೆರಾ. ಯಾವುದು ಹೇಗೆ ಅಂತ ಖುದ್ದಾಗಿ ನೋಡಿಬಿಡೋಣ ಎಂದ. ಕೊರಟಗೆರೆಯ ಓದುಗರಿಗೂ ಉತ್ತರ ಸಿಗುತ್ತದೆ, ನನಗೂ ಅಂಕಣಕ್ಕೆ ವಿಷಯ ಸಿಗುತ್ತದೆ ಎಂದು ನಾನೂ ಖುಷಿಯಾದೆ. (ಅಂಕಣಕಾರನ ಬುದ್ಧಿ ನೋಡಿ.)

ಅವನ ಬೈಕಿನಲ್ಲಿ ಹೋಗೋಣ ಎಂದಿದ್ದೆ. "ಸರ್ವೀಸ್‌ಗೆ ಬಿಟ್ಟಿದೀನಿ, ನಿನ್ ಗಾಡೀಲೇ ಓಗಾನ," ಎಂದ. ಯಾರಿದ್ದರೂ ಹಿಂದೆ ಕೂರಿಸಿಕೊಂಡು ತಾನೇ ಓಡಿಸುವ ಚಿತ್ತಣ್ಣ ಅವತ್ತು ನನ್ನ ಸ್ಕೂಟರಿನ ಹಿಂದೆ ಕೂತು ಬಂದ.

ಹೋಲಿಕೆ ಶುರುವಾಯಿತು. ತೂಕದಲ್ಲಿ ನನ್ನದೇ ಗೆದ್ದಿತು. ಕುತ್ತಿಗೆಗೆ ಹಾಕಿಕೊಂಡದ್ದು ಮರೆತೇ ಹೋಗುವಷ್ಟು ಹಗುರ. ಆದರೆ ಕೈಯಲ್ಲಿ ಹಿಡಿಯುವ ಸುಖ ಅವನದ್ದರಲ್ಲೇ. ನನ್ನದರಲ್ಲಿ ಕಿರುಬೆರಳಿಗೆ ಜಾಗವೇ ಇಲ್ಲ. ಸದ್ದಿನಲ್ಲಿ ನನ್ನದೇ ಮೇಲು. ಮರಿಗಳ ಪಕ್ಕದಲ್ಲೇ ಕೂತು ತೆಗೆದರೂ ತಲೆಯೆತ್ತಲಿಲ್ಲ. ಬ್ಯಾಟರಿಯ ವಿಷಯದಲ್ಲಿ ನನ್ನ ಮಾನ ಹೋಯಿತು. ಮಧ್ಯಾಹ್ನಕ್ಕೆ ಮೊದಲೇ ನನ್ನದು ಕೆಂಪು ದೀಪ ಮಿಣುಕಿಸತೊಡಗಿತು. ಅವನದ್ದು ಊಟ ಮಾಡಿ ಕೂತ ಮನೆಯಜಮಾನನ ಹಾಗೆ ಆರಾಮಾಗಿತ್ತು.

"ಇದ್ಕೆ ಎಷ್ಟು ಹೊಟ್ಟೆ ಹಸಿವು!" ಎಂದು ಈರಣ್ಣ ನಕ್ಕ.

ಈರಣ್ಣ ಹೆಗಲಿಗೆ ಕಂಬಳಿ ಹಾಕಿ ಹುಣಸೇಮರದ ಕೆಳಗೆ ಫೋಟೋಕ್ಕೆ ಕೂತ. ನಾವಿಬ್ಬರೂ ನಮ್ಮ ನಮ್ಮ ಕ್ಯಾಮೆರಾಗಳಲ್ಲಿ ಅವನನ್ನು ತೆಗೆದೆವು. ಆಮೇಲೆ ಅದೇ ಜಾಗದಲ್ಲಿ ಚಿತ್ತಣ್ಣ ನನ್ನನ್ನು ಕೂರಿಸಿ ತೆಗೆದ, ನಾನು ಅವನನ್ನು ಕೂರಿಸಿ ತೆಗೆದೆ.

ಅವನ ಡಿಎಸ್ಎಲ್ಆರ್ ತೆಗೆದುಕೊಂಡು ಕಿಂಡಿಗೆ ಕಣ್ಣಿಟ್ಟಾಗ ನನಗೆ ಎಲ್ಲವೂ ಕಲಸಿದಂತೆ ಕಂಡಿತು. ಲೆನ್ಸ್ ಎಷ್ಟು ತಿರುಗಿಸಿದರೂ ಹಾಗೇ. ಕಿಂಡಿಯ ಪಕ್ಕ ಒಂದು ಸಣ್ಣ ಚಕ್ರ ಇರುತ್ತದೆ. ಕನ್ನಡಕ ಹಾಕುವವರು ತಮ್ಮ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳಲೆಂದು. ಅದು ಒಂದು ತುದಿಗೆ ಹೋಗಿ ನಿಂತಿತ್ತು. ಮಧ್ಯಕ್ಕೆ ತಂದೆ, ಎಲ್ಲ ಸ್ಪಷ್ಟವಾಯಿತು.

"ಲೇ, ಅದ್ನ ಯಾಕ್ಲಾ ಮುಟ್ಟಿದೆ?" ಚಿತ್ತಣ್ಣ ಸಿಡುಕಿದ. ಅದಕ್ಕೆ ಮೊದಲು ಯಾವತ್ತೂ ಅವನು ನನ್ನ ಮೇಲೆ ಹಾಗೆ ಸಿಡುಕಿದ್ದು ನನಗೆ ನೆನಪಿಲ್ಲ.

ಸಂಜೆಗೆ ಮೊದಲು ಸಿರಾಕ್ಕೆ ವಾಪಸಾದೆವು. ಲಕ್ಷ್ಮಕ್ಕ ಎರಡೂ ಮೆಮೊರಿ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕಿದಳು. ನಾವು ಅವಳ ಹಿಂದೆ ನಿಂತೆವು.

ಮೊದಲು ಡಿಎಸ್ಎಲ್ಆರ್. ಕುರಿಗಳು, ಮಸುಕು. ಬೇಲಿ, ಚೆನ್ನಾಗಿದೆ. ಈರಣ್ಣ, ಮಸುಕು. ಈರಣ್ಣನ ಇನ್ನೊಂದು, ಅದೂ ಮಸುಕು. ನಾನು ಹುಣಸೇಮರದ ಕೆಳಗೆ ಕೂತಿರುವುದು, ನನ್ನ ಕಿವಿ ಚೆನ್ನಾಗಿದೆ, ಮುಖ ಮಸುಕು.

"ಮುಗೀತು ಇದು," ಎಂದ ಚಿತ್ತಣ್ಣ ಮತ್ತೆ.

ಲಕ್ಷ್ಮಕ್ಕ ಇನ್ನೊಂದು ಸಲ ಬಟನ್ ಒತ್ತಿದಳು. ಪರದೆಯ ತುಂಬ ಚಿತ್ತಣ್ಣ. ಹುಣಸೇಮರದ ಕೆಳಗೆ ಕೂತ ಚಿತ್ತಣ್ಣ. ಗಡ್ಡದ ಒಂದೊಂದು ಬಿಳಿ ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಅಂಗಿಯ ಗುಂಡಿಯ ದಾರ ಕಾಣುತ್ತಿತ್ತು. ಕಣ್ಣಿನ ಪಾಪೆಯಲ್ಲಿ ಕ್ಯಾಮೆರಾ ಹಿಡಿದ ನಾನೇ ಕಾಣುತ್ತಿದ್ದೆ.

"ಇದು ಮೇಷ್ಟ್ರ ಹೊಸ ಕ್ಯಾಮೆರಾದ್ದಾ?" ಎಂದಳು.

"ಇಲ್ಲ," ಎಂದೆ. "ಇದೂ ಅವನ ಕ್ಯಾಮೆರಾದ್ದೇ. ತೆಗೆದದ್ದು ನಾನು."

"ಲೆನ್ಸು?"

"ಅದೇ ಲೆನ್ಸು."

ಲಕ್ಷ್ಮಕ್ಕ ಹಿಂದಿನ ಫೋಟೋಕ್ಕೆ ಹೋದಳು. ಮತ್ತೆ ಮುಂದಕ್ಕೆ ಬಂದಳು. ಚಿತ್ತಣ್ಣ ತೆಗೆದ ನನ್ನ ಫೋಟೋ, ನಾನು ತೆಗೆದ ಅವನ ಫೋಟೋ. ಒಂದೇ ಮರ, ಒಂದೇ ಕ್ಯಾಮೆರಾ, ಒಂದೇ ಬಿಸಿಲು. ನನ್ನಂಥ ಅರೆಬೆಂದ ಫೋಟೋಗ್ರಾಫರನ ಕೈಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅವನ ಕೈಯಲ್ಲಿ ಯಾಕೆ ಮಾಡಲಿಲ್ಲ?

ಹೊರಗೆ ಬಸ್ಸಿನ ಹಾರ್ನ್ ಕೇಳಿತು.

ಆಮೇಲೆ ಅವಳು ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಗಂಡನ ಮುಖ ನೋಡಿದಳು. "ಏನಾಗೈತೆ ನಿಂಗೆ?" ಎಂದಳು.

"ಏನಾಗೈತೆ? ಏನೂ ಆಗಿಲ್ಲ."

"ಪೇಪರ್ ಓದೋದ್ ಬುಟ್ಟೆ. ಟಿವಿ ಹತ್ರ ಓಗಿ ಕುಂತ್ಕಂತೀಯ. ಮೊನ್ನೆ ಛತ್ರದಲ್ಲಿ ಮೆಟ್ಲು ಕಾಣ್ದಂಗೆ ಎಡವಿ ಬಿದ್ದೆ. ಬೈಕ್ ಹಿತ್ಲಲ್ಲಿ ನಿಲ್ಲಿಸಿ ಸರ್ವೀಸ್‌ಗೆ ಬುಟ್ಟಿದೀನಿ ಅಂತ ಊರಿಗೆಲ್ಲಾ ಹೇಳ್ಕಂಡ್ ತಿರುಗ್ತೀಯ. ನಾನು ಇವ್ನಿಗೇನೋ ಸೋಮಾರಿತನ ಅನ್ಕೊಂಡಿದ್ನಲ್ಲಪ್ಪಾ. ಹೇಳು, ಏನಾಗೈತೆ?"

ಚಿತ್ತಣ್ಣ ಸ್ಟೂಲಿನ ಮೇಲೆ ಕೂತ. ಪಾಸ್‌ಪೋರ್ಟ್ ಫೋಟೋಕ್ಕೆ ಬರುವವರು ಕೂರುವ ಸ್ಟೂಲು ಅದು.

"ಬಲಗಣ್ಣಲ್ಲಿ ಮಧ್ಯಕ್ಕೆ ಸರ್ಯಾಗಿ ಕಾಣಾಕಿಲ್ಲ," ಎಂದ ಕೊನೆಗೆ. "ಸುತ್ತ ಎಲ್ಲಾ ಕಾಣ್ತೈತೆ. ಎದ್ರುಗಿರೋರ್ ಮುಖ ನೋಡಾಕೋದ್ರೆ ಮುಖ ಇರೋ ಜಾಗದಲ್ಲೇ ಮಬ್ಬು. ಬಾಗ್ಲ ಚೌಕಟ್ಟು ಸೊಟ್ಟ ಕಾಣ್ತೈತೆ. ಎಡಗಣ್ಣಿಗೂ ಈಗೀಗ ಶುರುವಾದಂಗೈತೆ."

"ಯಾವಾಗಿಂದ?"

"ದೀಪಾವಳಿ ಮುಂಚಿಂದ."

"ಅಷ್ಟು ದಿನದಿಂದ ನಂಗ್ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಏನಂತ ಹೇಳ್ಲೇ? ಕಣ್ಣು ಕಾಣ್ದಿರೋ ಫೋಟೋಗ್ರಾಫರ್ ಅಂದ್ರೆ ಯಾರ್ ಕರೀತಾರೆ? ಈ ಕೆಲ್ಸ ಬುಟ್ರೆ ನಂಗೇನ್ ಗೊತ್ತು?" ಅವನು ಮೇಜಿನ ಮೇಲಿದ್ದ ಕ್ಯಾಮೆರಾ ಕಡೆ ಕೈ ತೋರಿಸಿದ. "ಕ್ಯಾಮೆರಾ ಕೆಟ್ಟೈತೆ ಅಂತ ನನ್ಗೆ ನಾನೇ ಹೇಳ್ಕಂಡೆ. ಹೇಳ್ತಾ ಹೇಳ್ತಾ ನಿಜ ಅನ್ನಿಸ್ಬುಡ್ತು."

ಲಕ್ಷ್ಮಕ್ಕ ಎದ್ದು ಬಂದು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ನಾನು ಬಾಗಿಲ ಕಡೆ ತಿರುಗಿ ನಿಂತೆ.

"ಅಷ್ಟು ದಿನ ಆ ಕ್ಯಾಮೆರಾನ ಬೈದ್ಯಲ್ಲಾ," ಎಂದಳು, ಅಳುತ್ತಲೇ. "ಪಾಪ, ಅದೇನ್ ಮಾಡಿತ್ತು ನಿಂಗೆ?"

ಅವನಿಗೆ ಶುಗರ್ ಇದೆ. ಅದು ನಮಗೆಲ್ಲ ಗೊತ್ತಿತ್ತು. ಮಾತ್ರೆ ನುಂಗುತ್ತಾನೆ, ನುಂಗಿದ ಮೇಲೆ ಮದುವೆ ಮನೆಯಲ್ಲಿ ಹೋಳಿಗೆ ತಿನ್ನುತ್ತಾನೆ. ಅದೂ ಗೊತ್ತಿತ್ತು. ಶುಗರ್ ಕಣ್ಣಿಗೂ ಇಳಿಯುತ್ತದೆ ಎಂದು ಯಾರಿಗೆ ನೆನಪಿತ್ತು?

ಮರುದಿನವೇ ಮೂವರೂ ತುಮಕೂರಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ಕಣ್ಣಿಗೆ ಹನಿ ಬಿಟ್ಟು ಕೂರಿಸಿದರು. ಪಾಪೆ ದೊಡ್ಡದಾಗಬೇಕಂತೆ. ಸುತ್ತಲೂ ಹಾಗೇ ಕಣ್ಣು ಮುಚ್ಚಿ ಕೂತವರ ಸಾಲು. ಚಿತ್ತಣ್ಣ ನನ್ನ ಕೈ ಹಿಡಿದುಕೊಂಡಿದ್ದ.

"ಲೇ, ನನ್ ಕಣ್ಣಿನ ಅಪರ್ಚರ್ ದೊಡ್ಡದು ಮಾಡ್ತಾವ್ರೆ ಕಣ್ಲಾ," ಎಂದ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬಿಡುವ ತೂತು. ಭಯದಲ್ಲೂ ತಮಾಷೆ ಬಿಡದ ಮನುಷ್ಯ.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಶುಗರಿನಿಂದ ಕಣ್ಣಿನ ಹಿಂದಿನ ಪರದೆ ಊದಿಕೊಂಡಿದೆ, ಬಲಗಣ್ಣಿನಲ್ಲಿ ಹೆಚ್ಚು, ಎಡಗಣ್ಣಿನಲ್ಲಿ ಈಗ ಶುರು ಎಂದರು. ಕಣ್ಣಿಗೆ ಇಂಜೆಕ್ಷನ್ ಕೊಡಬೇಕು, ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹೋದ ದೃಷ್ಟಿಯೆಲ್ಲ ವಾಪಸ್ ಬರುತ್ತದೆ ಎಂದು ಮಾತು ಕೊಡುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಸ್ವಲ್ಪ ಸುಧಾರಿಸಲೂಬಹುದು. ಹೀಗೆ ಬಿಡಿಸಿ ಹೇಳಿದ ಮೇಲೆ ಕೇಳಿದರು:

"ಇಷ್ಟು ದಿನ ಯಾಕೆ ಬರಲಿಲ್ಲ?"

"ಕ್ಯಾಮೆರಾ ರಿಪೇರಿ ಮಾಡಿಸ್ತಿದ್ದೆ ಮೇಡಂ," ಎಂದ ಚಿತ್ತಣ್ಣ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಲಕ್ಷ್ಮಕ್ಕನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕಿದ್ದಳು ಅನ್ನಿಸುತ್ತದೆ.

ಮೊದಲ ಇಂಜೆಕ್ಷನ್ ಆಯಿತು. ಇನ್ನು ಪಾವಗಡದ ಮದುವೆ. ಬೇಡ ಎಂದು ಹೇಳಿಬಿಡುತ್ತೇನೆ ಎಂದ ಚಿತ್ತಣ್ಣ. ಹಾಗೆ ಹೇಳುವುದಾದರೆ ನಿಜ ಹೇಳು, ಜ್ವರ ಗಿರ ಅಂತ ಸುಳ್ಳು ಬೇಡ ಎಂದಳು ಲಕ್ಷ್ಮಕ್ಕ. ಸ್ಟುಡಿಯೋದಲ್ಲೇ ಕೂತು, ಸ್ಪೀಕರ್ ಹಾಕಿ ಫೋನ್ ಮಾಡಿದ.

ಹುಡುಗಿಯ ತಂದೆ ಹನುಮಂತರಾಯಪ್ಪ ಪಾವಗಡದ ಹತ್ತಿರದ ತಿರುಮಣಿ ಊರಿನವರು. ಅಲ್ಲಿ ಎಲ್ಲರ ಹಾಗೆ ಅವರ ಹೊಲವೂ ಸೋಲಾರ್ ವಿದ್ಯುತ್ ಪಾರ್ಕಿಗೆ ಲೀಸ್ ಆಗಿದೆ. ಆ ಕಡೆಯವರ ಮಾತಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ.

"ಅಣ್ಣಾ, ನನ್ ಕಣ್ಣು ಸರಿ ಇಲ್ಲ," ಎಂದ ಚಿತ್ತಣ್ಣ. "ಶುಗರಿಂದ ಹಿಂಗಾಗೈತೆ. ನಿಮ್ ಮನೆ ಮದ್ವೆ ಕೆಡಿಸ್ಬಾರ್ದು. ಬೇರೆಯವ್ರನ್ನ ನೋಡ್ಕೊಳ್ಳಿ. ನಾನೇ ಒಳ್ಳೆಯೋರ್ನ ಗೊತ್ತು ಮಾಡ್ಕೊಡ್ತೀನಿ."

ಆ ಕಡೆಯಿಂದ ಹನುಮಂತರಾಯಪ್ಪ ದನಿಯೇರಿಸಿದರು.

"ಏಮಣ್ಣಾ ಅಟ್ಲಂಟಾವು? ನಾ ಪೆಳ್ಳಿ ಫೋಟೋಲು ತೀಸಿಂದಿ ನುವ್ವೇ ಕದಾ?" ಹಾಗೇಕೆ ಹೇಳುತ್ತೀಯ, ತನ್ನ ಮದುವೆಯ ಫೋಟೋ ತೆಗೆದದ್ದು ಇದೇ ಚಿತ್ತಣ್ಣನಲ್ಲವೇ ಎಂದು ಕೇಳುತ್ತಿದ್ದರು. ಆಮೇಲೆ ಕನ್ನಡಕ್ಕೆ ಬಂದರು. "ನಮ್ಮಮ್ಮಂದು ಅಂತ ಒಂದು ಒಳ್ಳೆ ಫೋಟೋ ಇರೋದೇ ನೀನು ತೆಗ್ದಿದ್ದು. ಅದಕ್ಕೇ ದಿನಾ ಹೂವ ಹಾಕೋದು. ಕಣ್ಣು ಹೆಂಗಾದ್ರೂ ಇರ್ಲಿ, ಬಾ ಅಣ್ಣಾ. ಬರ್ದಿದ್ರೆ ಮದ್ವೆ ಮನೇಗೆ ಫೋಟೋಗ್ರಾಫರೇ ಬ್ಯಾಡ."

ಚಿತ್ತಣ್ಣ ಫೋನಿಟ್ಟು ಗೋಡೆ ನೋಡುತ್ತಾ ಕೂತ. ಲಕ್ಷ್ಮಕ್ಕ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನಿಮ್ ಕ್ಯಾಮೆರಾ ಕೊಡ್ತೀರಾ?" ಎಂದಳು. ಕೇಳಬೇಕಿತ್ತೇ?

ಮದುವೆಗೆ ಮೂವರೂ ಹೋದೆವು. ಒಂದು ಒಪ್ಪಂದವಾಗಿತ್ತು. ಮಿರರ್‌ಲೆಸ್ ಚಿತ್ತಣ್ಣನ ಕೈಯಲ್ಲಿ. ಡಿಎಸ್ಎಲ್ಆರ್ ನನ್ನ ಕೈಯಲ್ಲಿ, ಏನಾದರೂ ತಪ್ಪಿದರೆ ಇರಲಿ ಎಂದು. ಲಕ್ಷ್ಮಕ್ಕ ಅವನ ಎಡಗಡೆಗೆ. ನನ್ನ ಜೇಬಿನ ತುಂಬ ಚಾರ್ಜ್ ಮಾಡಿದ ಬ್ಯಾಟರಿಗಳು.

ಹಿಂದಿನ ದಿನಗಳಲ್ಲಿ ಅವನು ಆ ಕ್ಯಾಮೆರಾದಲ್ಲಿ ಅಭ್ಯಾಸ ಮಾಡಿದ್ದ. ಕಿಂಡಿಯೊಳಗಿನ ಬೆಳಕು ಹೆಚ್ಚಿಸಿಕೊಂಡಿದ್ದ. ಎಡಗಣ್ಣಿಟ್ಟು ನೋಡುವುದನ್ನು ಕಲಿತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಆ ಹಸಿರು ಚೌಕ ಅವನಿಗೆ ಆಸರೆಯಾಗಿತ್ತು. "ಮುಖ ಮಬ್ಬಾದ್ರೂ ಚೌಕ ಕಾಣ್ತೈತೆ ಕಣ್ಲಾ. ಚೌಕ ಎಲ್ಲೈತೋ ಕಣ್ಣು ಅಲ್ಲೈತೆ," ಎನ್ನುತ್ತಿದ್ದ.

ಆದರೆ ಅದನ್ನು ಪೂರ್ತಿ ನಂಬುವ ಹಾಗಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಹುಡುಗಿಯ ಸೋದರಮಾವ ನಡುವೆ ಬಗ್ಗಿದ. ಚೌಕ ಹಾರಿ ಅವನ ಮುಖಕ್ಕೆ ಹೋಗಿ ಕೂತಿತು. ಯಂತ್ರಕ್ಕೆ ಹುಡುಗಿ ಯಾರು, ಮಾವ ಯಾರು ಹೇಗೆ ಗೊತ್ತಾಗಬೇಕು?

"ಮಾವ ಅಡ್ಡ ಬಂದವ್ರೆ," ಎಂದಳು ಲಕ್ಷ್ಮಕ್ಕ ಕಿವಿಯಲ್ಲಿ. "ಹುಡ್ಗಿ ಬಲಕ್ಕವ್ಳೆ."

"ಮಾವಾ, ಒಂಚೂರು ಹಿಂದಕ್ಕೆ!" ಚಿತ್ತಣ್ಣನ ಹಳೇ ದನಿ ಓಲಗದ ಮೇಲೆ ಎದ್ದಿತು. ಎಷ್ಟೋ ಮದುವೆಗಳಲ್ಲಿ ಕೇಳಿದ ದನಿ. ಮಾವ ಹಿಂದೆ ಸರಿದ. ಚೌಕ ಹುಡುಗಿಗೆ ಬಂತು. ಗಟ್ಟಿಮೇಳ, ಅಕ್ಷತೆ, ತಾಳಿ. ಎಲ್ಲ ಸಿಕ್ಕಿತು. ನಾನೂ ಡಿಎಸ್ಎಲ್ಆರ್‌ನಲ್ಲಿ ‘ಟಪ್ ಟಪ್’ ಎನ್ನಿಸುತ್ತಲೇ ಇದ್ದೆ.

ಅಷ್ಟರಲ್ಲಿ ಚಿತ್ತಣ್ಣ ಮದುಮಕ್ಕಳಿಗೆ ಬೆನ್ನು ಹಾಕಿ ತಿರುಗಿದ. ನನಗೆ ಗಾಬರಿ. ದಿಕ್ಕು ತಪ್ಪಿತೇ? ಇಲ್ಲ. ಮಂಟಪದ ಹಿಂದಿನ ಕಂಬದ ಕಡೆ ಕ್ಯಾಮೆರಾ ಹಿಡಿದಿದ್ದ. ಅಲ್ಲಿ ಹನುಮಂತರಾಯಪ್ಪ ಒಬ್ಬರೇ ನಿಂತು, ಯಾರಿಗೂ ಕಾಣದ ಹಾಗೆ ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕ್ಯಾಮೆರಾ ಸದ್ದು ಮಾಡಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ.

"ಅವರು ಅಲ್ಲಿರೋದು ನಿನಗೆ ಹೆಂಗೆ ಕಾಣಿಸ್ತೋ?" ಎಂದು ಊಟದ ಹೊತ್ತಿನಲ್ಲಿ ಕೇಳಿದೆ.

"ಕಾಣ್ಸಲಿಲ್ಲ," ಎಂದ. "ತಾಳಿ ಕಟ್ಟಿದ್ ಮ್ಯಾಲೆ ಹೆಣ್ ಹೆತ್ತೋರು ಒಂದ್ ಗಳಿಗೆ ಜನ್ರಿಂದ ಆಚೆ ಓಗ್ತಾರೆ ಕಣ್ಲಾ. ನೋಡ್ತಾನೇ ಬಂದಿದೀನಲ್ಲ."

ಹೋದ ವಾರ ಆಲ್ಬಂ ಕೊಟ್ಟದ್ದಾಯಿತು. ಹನುಮಂತರಾಯಪ್ಪ ಸಿರಾಕ್ಕೆ ತಾವೇ ಬಂದಿದ್ದರು. ಪುಟ ತಿರುವುತ್ತಾ ಕಂಬದ ಫೋಟೋಕ್ಕೆ ಬಂದು ನಿಂತುಬಿಟ್ಟರು. ಆಮೇಲೆ ಏನೂ ಹೇಳದೆ ಚಿತ್ತಣ್ಣನ ಭುಜದ ಮೇಲೆ ಕೈಯಿಟ್ಟರು. ಈ ಸಲವೂ ಪಾರ್ಟಿಯವರು ಮಾತಾಡಲಿಲ್ಲ. ಚಿತ್ತಣ್ಣನಿಗೆ ಬೇಜಾರಾಗಲಿಲ್ಲ.

ಇಂಜೆಕ್ಷನ್‌ಗಳು ನಡೆಯುತ್ತಿವೆ. ಎಡಗಣ್ಣು ಸುಧಾರಿಸಿದೆ. ಬಲಗಣ್ಣಿನಲ್ಲಿ ಮಬ್ಬು ಅಷ್ಟೇ ಇದೆ, ಹೆಚ್ಚಾಗಿಲ್ಲ. ಹೆಚ್ಚಾಗಿಲ್ಲ ಎಂಬುದೇ ಈಗ ಅವರ ಮನೆಯಲ್ಲಿ ಸಂತೋಷದ ಸುದ್ದಿ. ಹೋಳಿಗೆ ಬಂದ್ ಆಗಿದೆ, ಲಕ್ಷ್ಮಕ್ಕ ಕಾವಲು. ಬೈಕ್ ಮಾರಿಬಿಟ್ಟರು. ಮಿರರ್‌ಲೆಸ್ ಅವನ ಹತ್ತಿರವೇ ಇದೆ. ಡಿಎಸ್ಎಲ್ಆರ್ ನನ್ನ ಹತ್ತಿರ ಇದೆ. ವಾಪಸ್ ಕೊಡುವ ಮಾತನ್ನು ಇಬ್ಬರೂ ಎತ್ತಿಲ್ಲ. ಆ ಹಳೇ ಲೆನ್ಸನ್ನು ಕೈಯಲ್ಲಿ ತಿರುಗಿಸಿ, ಮಸುಕು ಮೆಲ್ಲಗೆ ಮುಖವಾಗುವುದನ್ನು ನೋಡುವ ಸುಖ ಈಗ ನನಗೂ ಹತ್ತಿದೆ.

ಕೊರಟಗೆರೆಯ ಓದುಗರಿಗೆ ಫೋನ್ ಮಾಡಿ ಉತ್ತರ ಹೇಳಿದೆ. ಮಗಳು ಇಡೀ ದಿನ ಊರೂರು ಸುತ್ತುವವಳಾದರೆ, ಕೈಯಲ್ಲಿ ಫೋಕಸ್ ಮಾಡಿ ಕಲಿಯುವ ತಾಳ್ಮೆ ಇದ್ದರೆ, ಹಳೇ ಡಿಎಸ್ಎಲ್ಆರ್ ಧಾರಾಳವಾಗಿ ಕೊಡಿಸಿ. ಬ್ಯಾಟರಿ ಕೈಕೊಡುವುದಿಲ್ಲ, ಹಳೇ ಲೆನ್ಸುಗಳು ಸುಲಭವಾಗಿ ಸಿಗುತ್ತವೆ. ಮಕ್ಕಳು, ಹಕ್ಕಿ, ಮೇಕೆ ಎಂದು ಓಡಾಡುವುದರ ಹಿಂದೆ ಬೀಳುವವಳಾದರೆ ಮಿರರ್‌ಲೆಸ್ ಕೊಡಿಸಿ, ಜೊತೆಗೆ ಇನ್ನೊಂದು ಬ್ಯಾಟರಿಯನ್ನೂ ಕೊಡಿಸಿ. ಎರಡರಲ್ಲೂ ಒಳ್ಳೆ ಫೋಟೋ ಬರುತ್ತದೆ. ಅವರು ಖುಷಿಯಾಗಿ ಥ್ಯಾಂಕ್ಸ್ ಹೇಳಿದರು.

ಫೋನಿಟ್ಟ ಮೇಲೆ ಯೋಚಿಸುತ್ತಾ ಕೂತೆ. ನಾವು ಎಷ್ಟು ಸುಲಭವಾಗಿ ವಸ್ತುಗಳ ಮೇಲೆ ತಪ್ಪು ಹೊರಿಸುತ್ತೇವೆ! ಮೊಬೈಲಿನ ಸ್ಪೀಕರ್ ಸರಿಯಿಲ್ಲ ಎನ್ನುತ್ತೇವೆ, ಕಿವಿ ಮಂದವಾಗಿದೆ ಎನ್ನುವುದಿಲ್ಲ. ಈ ಮೆಟ್ಟಿಲು ಬಹಳ ಎತ್ತರ ಎನ್ನುತ್ತೇವೆ, ಎದೆ ಏದುಸಿರು ಬಿಡುತ್ತಿದೆ ಎನ್ನುವುದಿಲ್ಲ. ಪೇಪರಿನವರು ಅಕ್ಷರ ಚಿಕ್ಕದು ಮಾಡಿದ್ದಾರೆ ಎಂದು ನನಗೇ ದೂರು ಬರುತ್ತದೆ. ಹೆದರಿಕೆ ಕಣ್ರೀ, ಬೇರೇನೂ ಅಲ್ಲ. ಚಿತ್ತಣ್ಣ ಸುಳ್ಳುಗಾರನಾಗಿರಲಿಲ್ಲ, ಹೆದರಿದ್ದ. ಹೆದರಿದವನನ್ನು ಬೈದು ಏನು ಪ್ರಯೋಜನ? ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಬೇಕು, ಹಿಡಿದುಕೊಂಡೇ ಆಸ್ಪತ್ರೆಯ ಬಾಗಿಲವರೆಗೆ ಕರೆದುಕೊಂಡು ಹೋಗಬೇಕು.

ಅದಿರಲಿ, ನೀವು ಕಣ್ಣು ತೋರಿಸಿ ಎಷ್ಟು ದಿನವಾಯಿತು?